ಮಾಳಿಗೆ ಮೇಲಿನ ತವರುದಾರಿ

ಸುಣ್ಣ ಅರಳುವಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಅವರ ಗೋಡೆಗಳಿಗೆ ಬಣ್ಣ ಡಬ್ಬಿಯಲ್ಲಿ ಬರುತ್ತದೆ. ಮೊನ್ನೆ ನಮ್ಮ ಪಕ್ಕದ ಮನೆಯವರು ಹಬ್ಬಕ್ಕೆಂದು ಹಿತ್ತಲ ಗೋಡೆಗೆ ಬಳಿಯಲು ಒಂದು ಹಳೆಯ ಪೀಪಾಯಿಯಲ್ಲಿ ಸುಣ್ಣದ ಹರಳು ಹಾಕಿ ನೀರು ಸುರಿದರು. ನಾನು ಅಡುಗೆಮನೆಯಲ್ಲಿ ಮೆಂತ್ಯಪಲ್ಲೆ ಸೋಸುತ್ತ ಕುಳಿತಿದ್ದೆ. ಕೊತ ಕೊತ ಕುದಿಯುವ ಸದ್ದು ಮೊದಲು ಬಂತು, ಹಿಂದೆಯೇ ಆ ವಾಸನೆ, ಕಾದ ಕಲ್ಲಿನ ಮೇಲೆ ಮಳೆ ಹನಿ ಬಿದ್ದಂಥದ್ದು, ಮೂಗಿನ ತುದಿಯಲ್ಲಿ ಚುರ್ ಎನ್ನುವಂಥದ್ದು. ಪಲ್ಲೆ ಅಲ್ಲೇ ಬಿಟ್ಟು, ಈ ವಯಸ್ಸಿನಲ್ಲಿ, ಮಂಡಿನೋವಿನ ಕಾಲೆಳೆದುಕೊಂಡು ಓಡಿದೆ. ಹಬೆ ಏಳುವ ಪೀಪಾಯಿಯ ಮುಂದೆ ನಿಂತು ಒಬ್ಬಳೇ ನಗುತ್ತಿದ್ದ ನನ್ನನ್ನು ನೋಡಿ ಆ ಮನೆಯ ಸೊಸೆ ಏನಂದುಕೊಂಡಳೋ. ನಾನು ಆಗ ಹುಬ್ಬಳ್ಳಿಯ ನಮ್ಮ ಹಳೆಯ ಓಣಿಯಲ್ಲಿ, ಒಂಬತ್ತು ವರ್ಷದ ಹುಡುಗಿಯಾಗಿ, ಚನ್ನಪ್ಪ ಸಾವ್ಕಾರರ ಮನೆಯ ಮುಂದಿನ ಸುಣ್ಣದ ಹೊಂಡದ ದಂಡೆಗೆ ನಿಂತಿದ್ದೆ.

ಆಗಿನ ಹುಬ್ಬಳ್ಳಿ ಒಂದೇ ಎತ್ತರದ ಊರು. ಗುಡಿಯ ಶಿಖರ, ಮಸೀದಿಯ ಮಿನಾರು, ಅರಳೆ ಗಿರಣಿಯ ಚಿಮಣಿ ಬಿಟ್ಟರೆ ತಲೆ ಎತ್ತಿ ನೋಡಬೇಕಾದದ್ದು ಆಕಾಶ ಮಾತ್ರ. ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ತೊಲೆ ಜಂತಿ ಕೂಡಿಸಿ, ಹಲಗೆ ಹೊದಿಸಿ, ಅದರ ಮೇಲೆ ಮೊಳದಷ್ಟು ಮಣ್ಣು ಮೆತ್ತಿದರೆ ಮಾಳಿಗೆ ಆಯಿತು. ಮಳೆಗಾಲಕ್ಕೆ ಮುಂಚೆ ಗಾಡಿಯಲ್ಲಿ ಚೌಳುನೆಲದ ಕರ್ಲಮಣ್ಣು ತರಿಸಿ ಹರವಿ ಗುದ್ದಿದರೆ ಒಂದು ಹನಿಯೂ ಒಳಗೆ ಇಳಿಯುತ್ತಿರಲಿಲ್ಲ. ಒಂದು ಮನೆಯ ಗೋಡೆಗೆ ಇನ್ನೊಂದು ಮನೆ ಆತುಕೊಂಡು, ಮಾಳಿಗೆಗೆ ಮಾಳಿಗೆ ಕೂಡಿ, ಓಣಿಯ ಈ ತುದಿಯಿಂದ ಆ ತುದಿಯವರೆಗೂ ಮೇಲಿಂದಲೇ ನಡೆದು ಹೋಗಬಹುದಿತ್ತು. ನಡುನಡುವೆ ಬೆಳಕಿಂಡಿಗಳು. ಕೆಳಗಿನ ಕೋಣೆಗೆ ಬೆಳಕು ಬೀಳಲೆಂದು ಪ್ರತಿ ಮಾಳಿಗೆಯಲ್ಲೂ ಅಂಥದೊಂದು ತೂತು ಬಿಟ್ಟಿರುತ್ತಿದ್ದರು, ಮಳೆ ಬಂದರೆ ಓಡಿಹೋಗಿ ತಗಡು ಮುಚ್ಚುವುದು ಮಕ್ಕಳ ಕೆಲಸ. ಕೆಳಗಿನ ಓಣಿ ಗಂಡಸರದು, ಎತ್ತಿನ ಗಾಡಿಗಳದು, ಅರಳೆ ಹೊತ್ತ ಹಮಾಲರದು. ಮಧ್ಯಾಹ್ನದ ಮಾಳಿಗೆ ಹೆಂಗಸರದು. ಊಟವಾಗಿ ಭಾಂಡೆ ತೊಳೆದದ್ದೇ ತಡ, ಎಲ್ಲರೂ ನಿಚ್ಚಣಿಕೆ ಏರಿ ಮೇಲೆ ಬಂದು, ಒಬ್ಬಳು ಶಾವಿಗೆ ಹೊಸೆಯುತ್ತ, ಒಬ್ಬಳು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ, ಮತ್ತೊಬ್ಬಳು ಏನೂ ಮಾಡದೆ ಕಾಲು ಚಾಚಿ ಅತ್ತೆಯ ಸುದ್ದಿ ಹೇಳುತ್ತ ಕೂಡುತ್ತಿದ್ದರು. ಆ ಹೊತ್ತಿನಲ್ಲಿ ಯಾವ ಗಂಡಸೂ ಮೇಲೆ ಬರುವಂತಿರಲಿಲ್ಲ. ಬರಲೇಬೇಕಾದರೆ ನಿಚ್ಚಣಿಕೆಯ ಬುಡದಲ್ಲಿ ನಿಂತು ಕೆಮ್ಮಬೇಕು, ಮೇಲಿಂದ ‘ಬರ್ರಿ’ ಎನ್ನುವ ತನಕ ಕಾಯಬೇಕು. ಪೇಟೆಯಲ್ಲಿ ನಾಲ್ಕು ಮಂದಿಯನ್ನು ಗದರಿಸಿ ಬರುವ ನಮ್ಮಪ್ಪ ಅಲ್ಲಿ ನಿಂತು ಕೆಮ್ಮಿ ಕೆಮ್ಮಿ ಗಂಟಲು ಕೆಡಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಹೆಂಗಸರು ಬೇಕೆಂದೇ ತಡಮಾಡಿ ಉತ್ತರ ಕೊಡುತ್ತಿದ್ದರು.

ಆ ಮಾಳಿಗೆಗಳ ಮೇಲೆ ಎಲ್ಲರಿಗಿಂತ ಹೆಚ್ಚು ನಡೆದವಳು ನನ್ನ ಚಿಗವ್ವ, ನಮ್ಮ ಕಾಕಾನ ಹೆಂಡತಿ ನೀಲವ್ವ. ಅವಳ ತವರು ನಮ್ಮ ಸಾಲಿನ ಮನೆಗಳಲ್ಲೇ ಇತ್ತು. ನಮ್ಮ ಮನೆಯಿಂದ ಮೂಡಣಕ್ಕೆ ಹೊರಟರೆ ಎರಡು ಮನೆ, ಆಮೇಲೆ ಚನ್ನಪ್ಪ ಸಾವ್ಕಾರರದು, ಅವರ ಗೋಡೆಗೆ ಅಂಟಿಕೊಂಡೇ ಚಿಗವ್ವನ ತವರುಮನೆ. ಅಲ್ಲಿ ಅವಳ ಅಣ್ಣ, ಅತ್ತಿಗೆ, ಮತ್ತು ತಾಯಿ ಅಂಬವ್ವ ಇದ್ದರು. ಅಂಬವ್ವನ ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಮಂಡಿ ಹಿಡಿದುಕೊಂಡು ಹೊರಗೆ ಬರುವುದೂ ಆಗುತ್ತಿರಲಿಲ್ಲ. ತವರು ಇಷ್ಟು ಹತ್ತಿರವಿದ್ದ ಮೇಲೆ ಸುಖವೇ ಸುಖ ಎಂದು ನೀವು ಅಂದುಕೊಂಡರೆ, ನೀವು ನಮ್ಮ ಆಯಿಯನ್ನು ನೋಡಿಲ್ಲ. ಆಯಿ ಎಂದರೆ ನಮ್ಮಪ್ಪನ ತಾಯಿ. ಸೊಸೆ ತವರಿಗೆ ಹೋಗುವುದಕ್ಕೆ ಆಯಿಯ ಹತ್ತಿರ ದೊಡ್ಡ ಶಾಸ್ತ್ರವಿತ್ತು. ಅಣ್ಣ ಬಂದು ಕರೆಯಬೇಕು, ವಾರ ನೋಡಬೇಕು, ತೆಂಗಿನಕಾಯಿ, ಕುಬಸ ಹೊಲಿಸುವ ಖಣ ಉಡಿಗೆ ಹಾಕಬೇಕು, ಬರುವಾಗ ಅಲ್ಲಿಂದಲೂ ಉಡಿ ತುಂಬಿಸಿಕೊಂಡೇ ಬರಬೇಕು. ದೂರದ ಊರಿಗೆ ಹೋದರೂ ಅಷ್ಟೇ, ಸಾವ್ಕಾರರ ಆಚೆ ಮನೆಗೆ ಹೋದರೂ ಅಷ್ಟೇ. ಹೀಗಾಗಿ ಚಿಗವ್ವ ಓಣಿಯ ದಾರಿಯಿಂದ ತವರಿಗೆ ಹೋಗುತ್ತಿದ್ದುದು ಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ. ಆದರೆ ಮಾಳಿಗೆಯ ಮೇಲಿಂದ ಹೋದರೆ ಅದು ಹೋದ ಲೆಕ್ಕಕ್ಕೇ ಬರುತ್ತಿರಲಿಲ್ಲ. ‘ಮಾಳಿಗಿ ಅಂದ್ರ ಮನೀ ಒಳಗ ಇದ್ದಂಗ. ಹೊಸ್ತಲಾ ಏನು ದಾಟಿಲ್ಲಲ್ಲ’ ಎಂದು ಆಯಿಯೇ ಎಂದೋ ತೀರ್ಪು ಕೊಟ್ಟಿದ್ದಳು. ಅವಳ ಶಾಸ್ತ್ರ ಎಷ್ಟು ಬಿಗಿಯೋ ಅದರಲ್ಲಿ ಅವಳೇ ಬಿಟ್ಟ ಸಂದು ಅಷ್ಟೇ ದೊಡ್ಡದು. ಚಿಗವ್ವ ದಿನಾ ಮಧ್ಯಾಹ್ನ ಒಂದು ಬಟ್ಟಲಲ್ಲಿ ಏನಾದರೂ ಮುಚ್ಚಿಕೊಂಡು, ನನ್ನ ಕೈ ಹಿಡಿದು, ಮೂರು ಮಾಳಿಗೆ ದಾಟಿ ತವರಿನ ನಿಚ್ಚಣಿಕೆ ಇಳಿಯುತ್ತಿದ್ದಳು. ತಾಯಿಯ ತಲೆ ಬಾಚಿ, ಬಟ್ಟಲಲ್ಲಿದ್ದುದನ್ನು ತಿನ್ನಿಸಿ, ಕಾಲು ಒತ್ತಿ, ಸಂಜೆಯ ಕಸ ಹೊಡೆಯುವುದರೊಳಗೆ ನಮ್ಮ ಮನೆಗೆ ವಾಪಸು. ನನ್ನದು ಬೆಳಗಿನ ಸಾಲಿ, ಹಾಗಾಗಿ ನಾನು ಯಾವಾಗಲೂ ಬಾಲ.

ಹೀಗಿರುವಾಗ ಒಂದು ದೀಪಾವಳಿ, ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ ಇರಬೇಕು, ಚನ್ನಪ್ಪ ಸಾವ್ಕಾರರು ಮುಂಬೈಗೆ ಅರಳೆ ವ್ಯಾಪಾರಕ್ಕೆ ಹೋದವರು ಹೊಸ ಹುಮ್ಮಸ್ಸು ಹೊತ್ತುಕೊಂಡು ಬಂದರು. ಆಗ ನಾವು ಮುಂಬೈ ಇಲಾಖೆಯವರು, ದೊಡ್ಡಸ್ತಿಕೆಯೆಲ್ಲ ಮುಂಬೈಯಿಂದಲೇ ರೈಲು ಹತ್ತಿ ಬರುತ್ತಿತ್ತು. ಅವರಪ್ಪ ಕಟ್ಟಿಸಿದ್ದು ಕಲ್ಲಿನ ಮನೆ, ಮಾಳಿಗೆಯೂ ಗಟ್ಟಿ ಗಚ್ಚಿನದು. ಅದರ ಮೇಲೆ ಇನ್ನೆರಡು ಅಂತಸ್ತು ಏರಿಸುತ್ತೇನೆ ಎಂದುಬಿಟ್ಟರು. ಮೂರು ಮಜಲಿನ ಮನೆ, ನಮ್ಮ ಓಣಿಯಲ್ಲಿ. ಆ ಸುದ್ದಿ ಬಂದ ದಿನ ಯಾರ ಮನೆಯಲ್ಲೂ ಪಲ್ಲೆಗೆ ಸರಿಯಾಗಿ ಉಪ್ಪು ಬಿದ್ದಿರಲಿಕ್ಕಿಲ್ಲ. ಮಾಳಿಗೆಯ ಮೇಲೆ ಅದೇ ಮಾತು. ಅಷ್ಟು ಮೇಲೆ ನೀರು ಹೊರುವವರು ಯಾರು, ಮಲಗಿದವರಿಗೆ ತಲೆ ತಿರುಗುವುದಿಲ್ಲವೇ, ಗಾಳಿ ಬೀಸಿದರೆ ಮನೆ ಅಲುಗಾಡುತ್ತದಂತೆ ಹೌದೇ. ಆಯಿ ಮಾತ್ರ, ‘ಉಂಡು ಮ್ಯಾಲ ಹೋಗೂದ್ರಾಗ ಮತ್ತ ಹಸಿವಿ ಆಗತೈತಿ, ಸಾವ್ಕಾರಗ ಜ್ವಾಳ ಸಾಕಾಗೂದಿಲ್ಲ’ ಎಂದು ಎಲ್ಲರನ್ನೂ ನಗಿಸಿದಳು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಚಿಗವ್ವ. ತುದಿಯಲ್ಲಿ ನಿಂತರೆ ಧಾರವಾಡದ ರೈಲು ಬರುವುದು ಕಾಣುತ್ತದೆಯೇ ಎಂದು ಕಾಕಾನನ್ನು ಕೇಳಿ ಕೇಳಿ ಅವನಿಗೆ ಸಾಕುಮಾಡಿದ್ದಳು.

ಸಾವ್ಕಾರರು ಮರ್ಯಾದಸ್ತ ಮನುಷ್ಯ. ಕೆಲಸ ಹಿಡಿಯುವ ಮೊದಲು ಆಚೀಚೆ ಮನೆಯವರನ್ನೆಲ್ಲ ಕೇಳಿಕೊಂಡು ಹೋದರು. ನಮ್ಮ ಮನೆಗೂ ಬಂದರು. ಪಡಸಾಲೆಯ ಕಂಬಳಿಯ ಮೇಲೆ ಕುಳಿತು, ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು, ‘ಅವ್ವಾರ, ನಿಮ್ಮ ಕಡೀ ಗ್ವಾಡಿಗೆ ಒಂದೆರಡು ಕಿಡಕಿ ಇಡಸಬೇಕಂತ ಮಾಡೇನ್ರಿ. ಆ ಕಡೀಗೂ ಇಡಸ್ತೇನಿ. ಗಾಳಿ ಬೆಳಕು ಛಲೋ ಬರತಾವ’ ಎಂದರು. ಒಳಗಿನ ಬಾಗಿಲ ಹಿಂದೆ ಅವ್ವ, ಚಿಗವ್ವ, ನಾನು, ಪಕ್ಕದ ಮನೆಯ ಕಾಶವ್ವ, ಒಬ್ಬರ ಮೇಲೊಬ್ಬರು ಬಿದ್ದು ಕೇಳುತ್ತಿದ್ದೆವು. ಆಯಿಗೆ ಬೆನ್ನು ನೆಟ್ಟಗಾಯಿತು. ‘ಸಾವ್ಕಾರ್ರ, ನಮ್ಮ ಹೆಣಮಕ್ಕಳು ಮಾಳಿಗಿ ಮ್ಯಾಲ ಇರತಾರ. ನಿಮ್ಮ ಗುಮಾಸ್ತರು ಕಿಡಕ್ಯಾಗ ಕುಂತ್ರ ಇವರು ಎಲ್ಲಿ ಹೋಗಬೇಕು? ಎರಡೂ ಕಡೀ ಗ್ವಾಡಿಗೆ ಒಂದು ಕಿಂಡೀನೂ ಇಡಬ್ಯಾಡ್ರಿ’ ಎಂದಳು. ಸಾವ್ಕಾರರು ತಟ್ಟೆಯಿಂದ ಒಂದು ಅಡಿಕೆ ಹೋಳು ಎತ್ತಿಕೊಂಡು, ‘ಆತ್ರಿ. ಮಾತು ಕೊಟ್ಟೇನಿ’ ಎಂದು ಎದ್ದರು. ಅವರು ಓಣಿ ತಿರುಗುವಷ್ಟರಲ್ಲಿ ಬಾಗಿಲ ಹಿಂದಿನವರೆಲ್ಲ ಹೊರಗೆ ಬಂದು ಆಯಿಯನ್ನು ಮುತ್ತಿದೆವು. ಚಿಗವ್ವ ಅತ್ತೆಯ ಎರಡೂ ಕೈ ಹಿಡಿದು, ‘ಛಲೋ ಹೇಳಿದ್ರಿ ಅತ್ತಿ. ಇನ್ನ ನಮ್ಮ ಮಾಳಿಗಿ ಯಾರೂ ಮುಟ್ಟಂಗಿಲ್ಲ’ ಎಂದಳು. ಇಷ್ಟು ಹೆಂಗಸರು, ಅದರಲ್ಲಿ ಸಂತೆಯಲ್ಲಿ ಕಾಸು ಬಿಡದ ಕಾಶವ್ವನಂಥವರು ಇದ್ದರು. ಕಿಂಡಿಯಿಲ್ಲದ ಗೋಡೆ ಕಣ್ಣನ್ನು ತಡೆದರೆ ಕಾಲನ್ನೂ ತಡೆಯುತ್ತದೆ ಎಂದು ಒಬ್ಬಳಿಗೂ ಹೊಳೆಯಲಿಲ್ಲ. ಯಾಕೆ ಹೊಳೆಯಬೇಕು ಹೇಳಿ, ಮಾಳಿಗೆ ಎಂದರೆ ನಮಗೆ ನೆಲ. ನೆಲದ ನಡುವೆ ಗೋಡೆ ಏಳುತ್ತದೆ ಎಂದು ಯಾರೂ ಅಂದುಕೊಳ್ಳುವುದಿಲ್ಲ.

ಆಮೇಲೆ ಬಂದ ದಿನಗಳನ್ನು ನೆನೆದರೆ ಈಗಲೂ ನನಗೆ ಕುಳಿತಲ್ಲಿ ಕೂಡಲಾಗುವುದಿಲ್ಲ. ಸಾವ್ಕಾರರ ಮನೆಯ ಮುಂದೆ ಸುಣ್ಣದ ಹೊಂಡ ತೋಡಿದರು. ಬಂಡಿಯಿಂದ ಹರಳು ಸುರಿದು ನೀರು ಬಿಟ್ಟ ಕೂಡಲೇ ಹೊಂಡ ಕುದಿಯತೊಡಗಿತು, ಬೆಂಕಿಯಿಲ್ಲದೆ ನೀರು ಕುದಿಯುವುದನ್ನು ನೋಡಲು ಸಾಲಿ ಬಿಟ್ಟು ಬಂದ ಹುಡುಗರನ್ನು ಬೈಯಲು ಬಂದ ಮಾಸ್ತರರೂ ಬೈಯುವುದನ್ನು ಮರೆತು ನೋಡುತ್ತ ನಿಂತರು. ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣ ಉಸುಕು ಅರೆದು ಗಚ್ಚು ಮಾಡುತ್ತಿದ್ದರು, ಅದರ ಕಲ್ಲಿನ ಗಾಲಿ ಗುರುಗುಟ್ಟುವ ಸದ್ದು ಬೆಳಗಿನಿಂದ ಸಂಜೆಯವರೆಗೆ. ಕಲ್ಲು ಹೊತ್ತ ಗಾಡಿಗಳು ಓಣಿಯಲ್ಲಿ ಸಿಕ್ಕಿಕೊಂಡು, ಒಂದು ಹಿಂದೆ ಸರಿಯದೆ ಒಂದು ಮುಂದೆ ಬಾರದೆ, ಗಾಡಿಯವರ ಬೈಗುಳದ ಹೊಸ ಹೊಸ ಮಾತು ನಮಗೆ ಪುಕ್ಕಟೆ ಸಿಗುತ್ತಿದ್ದವು. ಗೌಂಡಿಗಳ ಮುಖ್ಯಸ್ಥ ಹುಸೇನಸಾಬ, ಬಿಳಿ ಗಡ್ಡದ ಮನುಷ್ಯ, ನಮ್ಮ ಮಾಳಿಗೆಯ ರೀತಿಯನ್ನು ಯಾರೂ ಹೇಳಿಕೊಡದೆ ತಿಳಿದುಕೊಂಡಿದ್ದ. ಮಧ್ಯಾಹ್ನ ಊಟಕ್ಕೆ ತನ್ನವರನ್ನೆಲ್ಲ ಕೆಳಗಿಳಿಸಿ, ಬಕೀಟು ಬಾರಿಸಿ, ‘ಇಳದೇವ್ರೆವ್ವಾ, ಇನ್ನ ನಿಮ್ಮ ಹೊತ್ತು’ ಎಂದು ಕೂಗುತ್ತಿದ್ದ. ಆ ಕೂಗಿಗೇ ಕಾದವರಂತೆ ನಾವು ನಿಚ್ಚಣಿಕೆ ಏರುತ್ತಿದ್ದೆವು.

ಮೇಲೆ ಹೋದರೆ ದಿನಾ ಹೊಸದೊಂದು ಆಟ. ಸಾವ್ಕಾರರ ಮಾಳಿಗೆಯ ಎರಡೂ ಅಂಚಿಗೆ ಗೋಡೆ ಏಳತೊಡಗಿತ್ತು. ಮೊದಮೊದಲು ಅದು ಹೊಸ್ತಿಲಿನಷ್ಟಿತ್ತು, ಚಿಗವ್ವ ನೆರಿಗೆ ಒಂದಿಷ್ಟು ಎತ್ತಿ ದಾಟಿದಳು. ಮೊಣಕಾಲಿನಷ್ಟಾಯಿತು, ಕಾಶವ್ವನ ಹೆಗಲು ಹಿಡಿದು ದಾಟಿದಳು. ಸೊಂಟದ ಮಟ್ಟ ಬಂದಾಗ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಎರಡೂ ಅಂಗೈ ಊರಿ, ಹುಡುಗಿಯ ಹಾಗೆ ಜಿಗಿದು ಕೂತು ಆ ಕಡೆ ಇಳಿದಳು. ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಸುತ್ತ ನಿಂತು ನೋಡುತ್ತಿದ್ದರು, ಇವತ್ತು ದಾಟುತ್ತಾಳೋ ಇಲ್ಲವೋ ಎಂದು ತಮ್ಮತಮ್ಮಲ್ಲೇ ಪಂಥ ಕಟ್ಟುತ್ತಿದ್ದರು. ಆಯಿಯೂ ಒಮ್ಮೆ ನಿಚ್ಚಣಿಕೆ ಏರಿ ಬಂದು ನೋಡಿ, ‘ನಮ್ಮನೀಗೆ ಸೊಸಿ ಬಂದಾಳಂತ ತಿಳಕೊಂಡಿದ್ದೆ, ಮಂಗ್ಯಾ ಬಂದೈತಿ’ ಎಂದು ನಕ್ಕಳು. ಗೋಡೆ ತಲೆಗಿಂತ ಮೇಲೆ ಹೋದಾಗ ಗೌಂಡಿಗಳು ನಿಲ್ಲಲು ಕಟ್ಟಿದ ಬಿದಿರಿನ ಅಟ್ಟ ಹಿಡಿದು ಏರುವುದು, ಆ ಬದಿಯ ಅಟ್ಟ ಹಿಡಿದು ಇಳಿಯುವುದು ಶುರುವಾಯಿತು. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಲೆ, ಎಲ್ಲ ಆ ಗೋಡೆ ಏರಿ ಇಳಿದೇ ಅಂಬವ್ವನ ಬಾಯಿಗೆ ಹೋದವು. ಆ ವಾರದಲ್ಲೇ ಒಂದು ದಿನ ಚಿಗವ್ವ ಗೋಡೆಯ ತಲೆಯ ಮೇಲೆ ಕುಳಿತು, ಸೆರಗು ಗಾಳಿಗೆ ಹಾರುತ್ತಿರಲು, ಇಳಿಯುವುದನ್ನೇ ಮರೆತು ದೂರ ನೋಡಿದಳು. ‘ಸಾವಕ್ಕಾ, ಉಣಕಲ್ ಕೆರಿ ಕಾಣಾಕತ್ತೈತಿ. ಖರೇನ. ನೀರು ಹೊಳಿಯಾಕತ್ತೈತಿ ನೋಡು ಬಾ.’ ಹೀಗೆ ನನ್ನ ಹೆಸರು ಹಿಡಿದು ಕರೆದು, ನನ್ನನ್ನು ಮೇಲಕ್ಕೆ ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು. ಊರಿನ ಮಾಳಿಗೆಗಳೆಲ್ಲ ಒಂದೇ ಅಂಗಳವಾಗಿ ಹಬ್ಬಿದ್ದವು, ಎಲ್ಲೆಲ್ಲೂ ಕೆಂಪಗೆ ಒಣಹಾಕಿದ ಮೆಣಸಿನಕಾಯಿ, ಬೆಳ್ಳಗೆ ಸಂಡಿಗೆ, ಬಣ್ಣಬಣ್ಣದ ಸೀರೆ, ಅವುಗಳಾಚೆ ಬೆಳ್ಳಿಯ ತುಣುಕಿನಷ್ಟು ಕೆರೆ. ನನ್ನ ಜೀವಮಾನದಲ್ಲಿ ಅಷ್ಟು ಚಂದದ್ದನ್ನು ನಾನು ಮತ್ತೆ ನೋಡಿಲ್ಲ.

ಮರುದಿನ ಹೋದಾಗ ಬಿದಿರಿನ ಅಟ್ಟ ಅಲ್ಲಿರಲಿಲ್ಲ, ಬಿಚ್ಚಿ ಒಳಗಡೆ ಕಟ್ಟಿದ್ದರು. ಗೋಡೆ ಎರಡಾಳೆತ್ತರ ದಾಟಿತ್ತು, ನಮ್ಮ ನಿಚ್ಚಣಿಕೆ ಅದಕ್ಕೆ ಮೋಟಾಯಿತು. ಹಿತ್ತಲ ಕಡೆಯಿಂದ ಹೋಗೋಣವೆಂದರೆ ಅಲ್ಲಿ ಸಾವ್ಕಾರರ ಅರಳೆಯ ಗೋದಾಮು. ಚಿಗವ್ವ ಬಟ್ಟಲು ಹಿಡಿದುಕೊಂಡು ಗೋಡೆಯ ಮುಂದೆ ನಿಂತು, ಹಸಿ ಗಚ್ಚಿನ ಮೇಲೆ ಅಂಗೈ ಇಟ್ಟು ನೋಡಿದಳು. ಆಮೇಲೆ ನಕ್ಕು, ‘ಮುಗೀತ ನಮ್ಮ ಮಂಗ್ಯಾನಾಟ’ ಎಂದು ತಿರುಗಿದಳು. ಬಟ್ಟಲಲ್ಲಿದ್ದ ಗೋಧಿ ಹುಗ್ಗಿಯನ್ನು ನಾನೇ ತಿಂದೆ. ಇನ್ನು ಉಳಿದದ್ದು ಓಣಿಯ ದಾರಿ, ಬಾಗಿಲಿಂದ ಬಾಗಿಲಿಗೆ ನಿಂತು ನೋಡಿದರೆ ಕಾಣುವಷ್ಟು ಹತ್ತಿರದ್ದು. ಆದರೆ ಹೊಸ್ತಿಲು ದಾಟಿದರೆ ಅಣ್ಣ ಬರಬೇಕು, ಉಡಿ ತುಂಬಬೇಕು. ದಿನಾ ಉಡಿ ತುಂಬಿಸಿಕೊಂಡು ತವರಿಗೆ ಹೋದ ಸೊಸೆಯನ್ನು ಯಾವ ಊರಲ್ಲಿ ಕಂಡಿದ್ದೀರಿ? ಚಿಗವ್ವ ಕೇಳಲಿಲ್ಲ. ಕೇಳಿದ್ದರೆ ಆಯಿ ಬೇಡ ಎನ್ನುತ್ತಿರಲಿಲ್ಲವೇನೋ, ಆದರೆ ತಾನಾಗಿ ಹೋಗು ಎನ್ನಲೂ ಇಲ್ಲ. ಕಿಂಡಿ ಬೇಡ ಎಂದವಳು ಅವಳೇ ಅಲ್ಲವೇ, ಆ ಮಾತು ತೆಗೆದರೆ ಗೋಡೆಯ ಮಾತು ಬರುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಮಧ್ಯಾಹ್ನದ ಹೊತ್ತಿಗೆ ಬೇರೆ ಬೇರೆ ಮೂಲೆಯಲ್ಲಿ ಕೆಲಸ ಹುಡುಕಿಕೊಂಡು ಕೂಡತೊಡಗಿದರು. ಚಿಗವ್ವ ತಪ್ಪಿಯೂ ಆ ಮನೆಯನ್ನು ಬೈಯಲಿಲ್ಲ. ಇವತ್ತು ಎಷ್ಟು ಏರಿತು, ಮೇಲಿನ ಬಾಗಿಲಿಗೆ ಸಾಗವಾನಿ ಬಂತೇ ಎಂದು ಸಂಜೆ ನನ್ನನ್ನು ಕೇಳುತ್ತಿದ್ದಳು, ನಾನು ಮೈಯೆಲ್ಲ ಕೈಯಾಗಿ ವರ್ಣಿಸುತ್ತಿದ್ದೆ.

ಯುಗಾದಿ ಮುಗಿದ ಮೇಲೆ ಗೃಹಪ್ರವೇಶ. ಸಾವ್ಕಾರರ ಹೆಂಡತಿ ಗೌರಕ್ಕ ಓಣಿಯ ಹೆಂಗಸರನ್ನೆಲ್ಲ ಕುಂಕುಮ ಹಚ್ಚಿ ಕರೆದಿದ್ದಳು. ಹೋಳಿಗೆ ಊಟವಾಗಿ ಗಂಡಸರು ಹೊರಗೆ ಹೋದ ಮೇಲೆ, ‘ಬರ್ರೆವ್ವಾ, ಮ್ಯಾಲ ಹೋಗೂಣು’ ಎಂದಳು. ಆಯಿ, ನನ್ನ ಮಂಡಿಗೆ ಆಗುವುದಿಲ್ಲ ಎಂದು ಕೆಳಗೇ ಕುಳಿತಳು. ಉಳಿದವರ ಸಂಭ್ರಮವನ್ನು ನೀವು ನೋಡಬೇಕಿತ್ತು. ಮೆಟ್ಟಿಲು ಮೆಟ್ಟಿಲಿಗೆ ನಿಂತು ಉಸಿರು ಬಿಡುವವರು, ಹಸಿ ಸುಣ್ಣದ ಗೋಡೆಗೆ ಸೀರೆ ತಾಗಿಸಿಕೊಂಡು ಬೆನ್ನು ಬೆಳ್ಳಗಾದವರು, ಕೆಳಗೆ ನೋಡಿ ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳುವವರು. ತುದಿಯ ಬಯಲು ಮಾಳಿಗೆಗೆ ಬಂದಾಗ ಗಾಳಿಗೆ ಎಲ್ಲರ ಸೆರಗು ತಲೆಯಿಂದ ಜಾರಿತು, ಯಾರೂ ಎಳೆದುಕೊಳ್ಳಲಿಲ್ಲ. ಅದೇ ಹೊತ್ತಿಗೆ ಧಾರವಾಡದ ಕಡೆಯಿಂದ ರೈಲಿನ ಹೊಗೆ ಕಂಡಿತು. ಮೊದಲು ನೋಡಿದವಳು ಚಿಗವ್ವನೇ, ಅವಳೇ ಎಲ್ಲರಿಗೂ ಬೆರಳು ಮಾಡಿ ತೋರಿಸಿದಳು. ರೈಲು ಮರೆಯಾದ ಮೇಲೆ ಮೂಡಣದ ಅಂಚಿಗೆ ಹೋಗಿ ಬಗ್ಗಿ ನೋಡಿದಳು. ನಾನೂ ನೋಡಿದೆ. ಬುಡದಲ್ಲೇ ಅವಳ ತವರಿನ ಮಾಳಿಗೆ, ಅದರ ನಡುವೆ ಬೆಳಕಿಂಡಿ, ಇಷ್ಟೇ ಇಷ್ಟು. ಅವಳ ಅತ್ತಿಗೆಯೂ ಊಟಕ್ಕೆ ಬಂದು ಅಲ್ಲೇ ನಿಂತಿದ್ದಳು. ಚಿಗವ್ವ ಅವಳನ್ನು ಕೇಳಿದಳು.

‘ಅವ್ವ ನನ್ನ ಕೇಳತಾಳೇನ?’

‘ಇಲ್ಲವಾ, ಒಮ್ಮೀನೂ ಕೇಳಿಲ್ಲ. ಹಗಲೆಲ್ಲಾ ಸುಮ್ಮನ ಬೆಳಕಿಂಡಿ ಕೆಳಗ ಕುಂತಿರತಾರ’ ಎಂದಳು ಅತ್ತಿಗೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನಿನಗೆ ಚಿಂತೆ ಬೇಡ ಎನ್ನುವ ಅರ್ಥದಲ್ಲೇ ಹೇಳಿದ್ದು. ‘ಒಮ್ಮೀನೂ ಕೇಳಿಲ್ಲ?’ ಎಂದು ಚಿಗವ್ವ ಮತ್ತೆ ಕೇಳಿದಳು. ಅಷ್ಟರಲ್ಲಿ ಗೌರಕ್ಕ ಬಂದು, ‘ನೀಲವ್ವಾ, ನೀ ಬೇಕಾದಾಗ ಬಾರವಾ, ಇಲ್ಲಿ ನಿಂತು ನಿಮ್ಮವ್ವನ ಮಾಳಿಗಿ ನೋಡಿಕೊಂಡು ಹೋಗು’ ಎಂದು ಪ್ರೀತಿಯಿಂದ ಅವಳ ಬೆನ್ನು ಸವರಿದಳು. ಚಿಗವ್ವ ಹೂಂ ಎಂದಳು. ಆ ರಾತ್ರಿ ಅವಳು ಉಣ್ಣಲಿಲ್ಲ. ಹೋಳಿಗೆ ಜಾಸ್ತಿ ಆಯಿತು ಎಂದಳು. ಹೋಳಿಗೆ ಅವಳ ಎಲೆಯಲ್ಲಿ ಹಾಗೇ ಇದ್ದದ್ದನ್ನು ನೋಡಿದವಳು ನಾನು, ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ವಯಸ್ಸೂ ನನ್ನದಲ್ಲ. ಅತ್ತಿಗೆ ಹೇಳಿದ್ದನ್ನೆಲ್ಲ ಹೋಗಿ ಆಯಿಗೆ ಹೇಳಿದೆ. ಆಯಿ ದೀಪ ಸಣ್ಣದು ಮಾಡಿ ಮಲಗಿದಳು.

ಬೆಳಗಾದ ಮೇಲೆ ಅವ್ವನ ಹತ್ತಿರ ತೆಂಗಿನಕಾಯಿ, ಬೆಲ್ಲ, ಒಂದು ಕುಬಸದ ಖಣ ತೆಗೆಸಿದಳು. ಊಟವಾದದ್ದೇ, ‘ನೀಲಾ, ನಡಿ, ನಿಮ್ಮವ್ವನ್ನ ನೋಡಿಕೊಂಡು ಬರೂಣು’ ಎಂದಳು. ಅಣ್ಣ ಕರೆಯಲು ಬಂದಿರಲಿಲ್ಲ, ವಾರವನ್ನೂ ಯಾರೂ ನೋಡಿರಲಿಲ್ಲ. ಮುಂದೆ ಆಯಿ, ಹಿಂದೆ ಚಿಗವ್ವ, ಅವಳ ಹಿಂದೆ ನಾನು. ಹೊರಗೆ ಬಿಸಿಲು ಕಲ್ಲು ಒಡೆಯುವಷ್ಟಿತ್ತು, ಸಾವ್ಕಾರರ ಮನೆ ದಾಟಿದ ಕೂಡಲೇ ತಂಪು ನೆರಳು, ಅದು ಚಿಗವ್ವನ ತವರಿನ ಕಟ್ಟೆ, ಬಾಗಿಲು ಎಲ್ಲವನ್ನೂ ಮುಚ್ಚಿತ್ತು. ಒಳಗೆ ಹಗಲು ಹೊತ್ತಿನಲ್ಲೇ ಒಲೆಯ ಹತ್ತಿರ ಚಿಮಣಿ ದೀಪ ಹಚ್ಚಿಟ್ಟಿದ್ದರು. ನಡುಮನೆಯಲ್ಲಿ ಬೆಳಕಿಂಡಿಯ ಕೆಳಗೆ ಅಂಬವ್ವ ಮೊಣಕಾಲು ಮಡಚಿ ಕುಳಿತು, ಬಲಗೈಯನ್ನು ನೆಲದ ಮೇಲೆ ಅಗಲವಾಗಿ ಇಟ್ಟಿದ್ದಳು. ಚಿಗವ್ವ ಬಾಗಿಲಲ್ಲೇ ನಿಂತಳು. ನನ್ನನ್ನು ಕೇಳಲಿಲ್ಲವಲ್ಲ ಎನ್ನುವ ಸಿಟ್ಟು ಅವಳ ಮುಖದಲ್ಲಿ ಕಾಣುತ್ತಿತ್ತು, ತಾಯಿಯ ಮುಂದೆ ಮಾತ್ರ ಮಾಡಬಹುದಾದ ಸಿಟ್ಟು ಅದು. ಬಳೆಯ ಸದ್ದಿಗೆ ಅಂಬವ್ವ ಮುಖ ಎತ್ತಿದಳು.

‘ನೀಲವ್ವನ? ಬಂದ್ಯಾ ನನ್ನವ್ವಾ. ಬಿಸಲ ಬಂದ್ರ ನೀ ಬರತೀ ಅಂತ ಕುಂತೇನಿ. ಈ ಸಲ ಏನೋ ಬಿಸಲಽ ಬರವಲ್ದು. ಮ್ವಾಡ ಹಾಕ್ಯಾವೇನ ಹೊರಗ?’

ನಮಗೆ ಯಾರಿಗೂ ಗೊತ್ತಿರಲಿಲ್ಲ. ದಿನಾ ಹೋಗುತ್ತಿದ್ದ ನನಗೂ ಗೊತ್ತಿರಲಿಲ್ಲ, ಚಿಗವ್ವನಿಗೂ ಗೊತ್ತಿರಲಿಲ್ಲ. ಕಣ್ಣು ಹೋದ ಮೇಲೆ ಅಂಬವ್ವನಿಗೆ ಹೊತ್ತು ತಿಳಿಯುತ್ತಿದ್ದುದು ಬೆಳಕಿಂಡಿಯಿಂದ ಇಳಿಯುವ ಆ ಅಂಗೈಯಗಲ ಬಿಸಿಲಿನಿಂದ. ಮಧ್ಯಾಹ್ನ ಕಳೆದು ಅದು ನೆಲದ ಮೇಲೆ ಜರುಗುತ್ತ ಬಂದು ಅವಳ ಪಾದ ಮುಟ್ಟಿದರೆ ಮಗಳು ಬರುವ ಹೊತ್ತು. ಪಡುವಣದಲ್ಲಿ ಮೂರು ಮಜಲು ಎದ್ದು ಆ ಬಿಸಿಲನ್ನು ನುಂಗಿದ್ದನ್ನು ಅವಳಿಗೆ ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಕಾಣದವಳಿಗೆ ಬೆಳಕಿನ ಸುದ್ದಿ ಯಾಕೆ ಎಂದು. ಬಿಸಿಲೇ ಬಾರದ ಮೇಲೆ ಮಗಳು ಯಾಕೆ ಬರಲಿಲ್ಲ ಎಂದು ಅವಳು ಹೇಗೆ ಕೇಳಿಯಾಳು? ಸಂಕ್ರಾಂತಿಯಿಂದ ಯುಗಾದಿಯವರೆಗೆ ದಿನವೂ ನೆಲದ ಮೇಲೆ ಕೈಯಿಟ್ಟು, ಇನ್ನೂ ಹೊತ್ತಾಗಿಲ್ಲ ಎಂದು ಅವಳು ಕುಳಿತಿದ್ದಳು. ಚಿಗವ್ವ ಓಡಿಹೋಗಿ ತಾಯಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಅಂಬವ್ವ ಗಾಬರಿಯಾಗಿ ಅವಳ ತಲೆ ಸವರುತ್ತ, ಅತ್ತೆಮನೆಯಲ್ಲಿ ಏನಾಯಿತು ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಆಯಿ ತೆಂಗಿನಕಾಯಿ ಖಣ ಹಿಡಿದುಕೊಂಡು ನಿಂತೇ ಇದ್ದಳು. ಕೊಡುವುದನ್ನೂ ಮರೆತಿದ್ದಳು. ವಾಪಸು ಬಂದು ಅವನ್ನು ಹಾಗೇ ಗೂಡಿನಲ್ಲಿಟ್ಟಳು.

ಮರುದಿನ ಮಧ್ಯಾಹ್ನ ಚಿಗವ್ವ ಅಕ್ಕಿ ಆರಿಸುತ್ತ ಕುಳಿತಿದ್ದಳು. ಆಯಿ ಹೊರಗಿನ ಕಟ್ಟೆಗೆ ಹೋಗಿ ಆಕಾಶ ನೋಡಿ ಒಳಗೆ ಬಂದು, ಅಕ್ಕಿಯ ಮೊರವನ್ನು ಅವಳ ಕೈಯಿಂದ ತೆಗೆದುಕೊಂಡಳು.

‘ಏಳು. ಹೋಗಿ ನಿಮ್ಮವ್ವಗ ಬಿಸಲ ಬಂತು ಅಂತ ಹೇಳಿ ಬಾ.’

ಚಿಗವ್ವ ಅರ್ಥವಾಗದೆ ಕಾಯಿ ಇಟ್ಟಿದ್ದ ಗೂಡಿನ ಕಡೆ ನೋಡಿದಳು. ‘ಬರೇ ಕೈಲೆ ಹೋಗು. ದಿನಾ ಹೋಗಾಕಿಗೆ ಎಂಥಾ ಉಡಿ?’ ಎಂದು ಆಯಿ ಗದರಿಸಿದಳು. ಗದರಿಸದೆ ಅವಳಿಗೆ ಪ್ರೀತಿ ಮಾಡಲು ಬರುತ್ತಿರಲಿಲ್ಲ. ಚಿಗವ್ವ ಎದ್ದಳು, ಸೆರಗು ಸರಿಮಾಡಿಕೊಂಡಳು, ಹಾಡಹಗಲು, ಓಣಿಯ ನಡುವೆ, ಅಂಗಡಿಯ ಕಟ್ಟೆಗಳ ಮೇಲಿನ ಗಂಡಸರೆಲ್ಲ ನೋಡುತ್ತಿರಲು ಬರಿಗೈಯಲ್ಲಿ ತವರಿಗೆ ಹೋದಳು. ಎದುರುಮನೆಯವಳು ಏನೋ ಕೇಳಲು ಬಾಯಿ ತೆರೆದು, ಕಟ್ಟೆಯ ಮೇಲೆ ನಿಂತ ಆಯಿಯನ್ನು ನೋಡಿ ಮುಚ್ಚಿಕೊಂಡಳು.

ಸಾವ್ಕಾರರ ಮನೆಯನ್ನು ನೋಡಿ ಒಬ್ಬೊಬ್ಬರೇ ಏರಿಸತೊಡಗಿದರು. ಗೋಡೆಗೆ ಕಿಂಡಿ ಇಲ್ಲದಿದ್ದರೇನು, ತುದಿಯ ಬಯಲು ಮಾಳಿಗೆಗೆ ಗುಮಾಸ್ತರು ಗಾಳಿಗೆ ಬಂದು ನಿಲ್ಲುತ್ತಿದ್ದರು, ಹೆಂಗಸರು ನಿಚ್ಚಣಿಕೆ ಏರುವುದನ್ನು ಬಿಟ್ಟರು. ನಮ್ಮಪ್ಪನಿಗೆ ಕೆಮ್ಮುವ ಕೆಲಸ ತಪ್ಪಿತು. ಈಗ ಆ ಓಣಿಯಲ್ಲಿ ಮೂರು ಮಜಲಿನ ಮನೆ ಎಂದರೆ ಗಿಡ್ಡ ಮನೆ. ಸಾವ್ಕಾರರದ್ದನ್ನೂ ಕೆಡವಿ ಇನ್ನೂ ದೊಡ್ಡದು ಕಟ್ಟಿದ್ದಾರೆ. ಅದು ಏಳುವಾಗ ಕುಣಿದ ಕಾಲು ಇವು, ಅದರ ಮೇಲೆ ನನಗೆ ಇಂದಿಗೂ ಸಿಟ್ಟು ಬರುವುದಿಲ್ಲ, ದುಃಖ ಮಾತ್ರ ಬರುತ್ತದೆ. ಆಯಿ ಹೋದಳು, ಕಾಶವ್ವ ಹೋದಳು, ಚಿಗವ್ವನೂ ಹೋಗಿ ಬಹಳ ವರ್ಷವಾಯಿತು. ಆ ಮಾಳಿಗೆಗಳ ಮೇಲೆ ನಡೆದವರಲ್ಲಿ ಉಳಿದವಳು ನಾನೊಬ್ಬಳೇ ಇರಬೇಕು. ಅಂಬವ್ವ ಆಮೇಲೆ ಇನ್ನೆರಡು ಚಳಿಗಾಲ ಇದ್ದಳು. ದಿನವೂ ಅದೇ ಹೊತ್ತಿಗೆ ಚಿಗವ್ವ ಓಣಿಯ ದಾರಿಯಿಂದ ಹೋಗಿ, ದೀಪ ಹಚ್ಚಿದ ಆ ನಡುಮನೆಯಲ್ಲಿ ತಾಯಿಯ ಎದುರಿಗೆ ಕುಳಿತು, ತನ್ನ ಎರಡೂ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು, ‘ಬಿಸಲ ಬಂತು ನೋಡವಾ’ ಎನ್ನುತ್ತಿದ್ದಳು. ಅಂಬವ್ವ ಮಡಚಿದ್ದ ಕಾಲನ್ನು ಮೆಲ್ಲಗೆ ಆ ಅಂಗೈಗಳ ಕಡೆಗೆ ಚಾಚುತ್ತಿದ್ದಳು.